ಎತ್ತರದ ಆರುಮೂಲೆ ಟ್ಯಾಂಕಿಗೆ ಎಂಥ ಮೀನು?

ಪ್ರಶ್ನೆ: ನಾವಿರುವುದು ಮುಂಬೈಯ ಮುಲುಂಡಿನಲ್ಲಿ, ಏಳನೇ ಮಹಡಿಯ ಫ್ಲ್ಯಾಟು. ಮಾಟುಂಗದಲ್ಲಿರುವ ನನ್ನ ಸೋದರಮಾವನ ಹೋಟೆಲು ಈ ವರ್ಷ ರಿಪೇರಿಗೆ ಬಂದಾಗ, ಗಲ್ಲಾ ಪಕ್ಕದಲ್ಲಿದ್ದ ಆರು ಮೂಲೆಯ ಎತ್ತರದ ಫಿಶ್ ಟ್ಯಾಂಕ್ ನಮ್ಮ ಮನೆಗೆ ಬಂತು. ಎತ್ತರ ಎರಡೂವರೆ ಅಡಿ, ಅಗಲ 16 ಇಂಚು. ಅಂಗಡಿಯವರು "ನೀರು ಜಾಸ್ತಿ ಹಿಡಿಯುತ್ತೆ, ಇಪ್ಪತ್ತೈದು ಮೀನು ಆರಾಮಾಗಿ ಬಿಡಿ" ಅಂದರು. ಮಗಳಿಗೆ ಶಾರ್ಕ್ ಬೇಕು. ಅತ್ತೆಯವರಿಗೆ ವಾಸ್ತು ಪ್ರಕಾರ ಎಂಟು ಕೆಂಪು, ಒಂದು ಕಪ್ಪು, ಒಟ್ಟು ಒಂಬತ್ತು ಗೋಲ್ಡ್ ಫಿಶ್ ಬೇಕು. ಚೌತಿಗೆ ಊರಿಂದ ನೆಂಟರು ಬರುವುದರೊಳಗೆ ಟ್ಯಾಂಕ್ ತುಂಬಿರಬೇಕು ಅಂತ ಎಲ್ಲರ ಆಸೆ. ಹೋಟೆಲಿನಲ್ಲಿದ್ದಾಗ ಅದರಲ್ಲಿ ಸದಾ ಮೀನು ತುಂಬಿರುತ್ತಿದ್ದವು. ಈಗ ಯಾವ ಮೀನು ಬಿಟ್ಟರೆ ಚೆನ್ನ?

ಉತ್ತರ: ಶಾರ್ಕ್ ಬೇಡ, ಗೋಲ್ಡ್ ಫಿಶ್ ಬೇಡ, ಇಪ್ಪತ್ತೈದಂತೂ ಖಂಡಿತ ಬೇಡ. ಮಗಳು, ಅತ್ತೆ, ಅಂಗಡಿಯವರು ಮೂವರ ಮಾತನ್ನೂ ಒಂದೇ ಏಟಿಗೆ ತಳ್ಳಿಹಾಕಿದಂತಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಅತ್ತೆಯವರ ಒಂಬತ್ತಕ್ಕೆ ಒಂದು ಉಪಾಯ ಇದೆ, ಮುಂದೆ ಹೇಳುತ್ತೇನೆ. ಮೊದಲು ಟ್ಯಾಂಕಿನ ಲೆಕ್ಕ ಆಗಲಿ. ಯಾವ ಮೀನು, ಎಷ್ಟು ಮೀನು ಎಂಬುದನ್ನು ಇಲ್ಲಿ ತೀರ್ಮಾನಿಸುವುದು ಎತ್ತರ ಅಲ್ಲ, ಅಗಲ.

ನಿಮ್ಮ 16 ಇಂಚು ಅಂದರೆ ಒಂದು ಗಾಜಿನಿಂದ ಎದುರು ಗಾಜಿಗಿರುವ ಅಂತರ ಎಂದುಕೊಳ್ಳುತ್ತೇನೆ. ಸುಮಾರು 40 ಸೆಂ.ಮೀ. ಹಾಗಿದ್ದರೆ ನೀರಿನ ಮೇಲ್ಮೈ ಹತ್ತಿರ ಹತ್ತಿರ 1,390 ಚದರ ಸೆಂ.ಮೀ. ಮೇಲೆ ನಾಲ್ಕು ಬೆರಳು ಬಿಟ್ಟು ತುಂಬಿಸಿ, ಅಡಿಗೆ ಜಲ್ಲಿ, ನಡುವೆ ಒಂದು ಮರದ ಕೊರಡು ಇಟ್ಟರೆ 85ರಿಂದ 90 ಲೀಟರ್ ನೀರು ಹಿಡಿಯುತ್ತದೆ. ಈಗ ಎಲ್ಲ ಅಂಗಡಿಯಲ್ಲೂ ಸಿಗುವ 3 ಅಡಿ ಉದ್ದ, 1 ಅಡಿ ಅಗಲದ ಮಾಮೂಲಿ ಟ್ಯಾಂಕನ್ನು ಪಕ್ಕಕ್ಕಿಟ್ಟು ನೋಡಿ. ಅದರಲ್ಲೂ ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಮೇಲ್ಮೈ 2,700 ಚದರ ಸೆಂ.ಮೀ., ಅಂದರೆ ನಿಮ್ಮದರ ಎರಡರಷ್ಟು. ಅಂಗಡಿಯವರು ಲೀಟರ್ ಎಣಿಸಿದ್ದಾರೆ. ಮೀನಿಗೆ ಬೇಕಾದ ಆಮ್ಲಜನಕ ನೀರಿಗೆ ಇಳಿಯುವುದೂ, ಅದು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದೂ ಗಾಳಿ ನೀರನ್ನು ಮುಟ್ಟುವ ಆ ಮೇಲಿನ ಪದರದಲ್ಲೇ. ಚಾಳಿನ ಖೋಲಿಗೆ ಕಿಟಕಿ ಒಂದೇ ಇದ್ದಾಗ ಚಾವಣಿಯನ್ನು ಎಷ್ಟು ಎತ್ತರಿಸಿದರೇನು, ಒಳಗಿನ ಸೆಕೆ ಇಳಿಯುತ್ತದೆಯೇ?

ಹಳಬರು ಬಳಸುತ್ತಿದ್ದ ಒಂದು ಒರಟು ಲೆಕ್ಕವಿದೆ: 12 ಚದರ ಇಂಚು ಮೇಲ್ಮೈಗೆ ಒಂದು ಇಂಚು ಮೀನು, ಬಾಲ ಬಿಟ್ಟು. ಅದರ ಪ್ರಕಾರ ನಿಮ್ಮ ಟ್ಯಾಂಕಿಗೆ 18 ಇಂಚು. ಏರ್ ಪಂಪ್ ಹಗಲೂ ರಾತ್ರಿ ಓಡುತ್ತಿದ್ದರೆ 24ರ ತನಕ ಎಳೆಯಬಹುದು. ಈ ಲೆಕ್ಕ ಸಣ್ಣ ಮೀನುಗಳಿಗೆ ಮಾತ್ರ ಸರಿಹೋಗುತ್ತದೆ, ಮೈ ಅಗಲವಿರುವ ಮೀನಿಗೆ ಇಮ್ಮಡಿ ಹಿಡಿಯಬೇಕು. ಅಳತೆಯೂ ಅಂಗಡಿಯಲ್ಲಿ ಕಾಣುವ ಮರಿಯದ್ದಲ್ಲ, ಬೆಳೆದ ಮೀನಿನದ್ದು. ಅಂಗಡಿಯವರ ಇಪ್ಪತ್ತೈದು ಬರುವುದು ಈ ಕೊನೆಯ ಮಾತನ್ನು ಮರೆತಾಗ.

ಹೋಟೆಲಿನಲ್ಲಿ ಸದಾ ತುಂಬಿರುತ್ತಿತ್ತು ಅಂತ ಬರೆದಿದ್ದೀರಿ. ನಿಮ್ಮ ಮಾವನವರನ್ನು ಒಮ್ಮೆ ಕೇಳಿ ನೋಡಿ. ಇಂಥ ಕಡೆ ಸಾಮಾನ್ಯವಾಗಿ ಟ್ಯಾಂಕ್ ನೋಡಿಕೊಳ್ಳುವ ಹುಡುಗ ತಿಂಗಳಿಗೋ ಹದಿನೈದು ದಿನಕ್ಕೋ ಬಂದು ನೀರು ಬದಲಿಸಿ, ಸತ್ತದ್ದನ್ನು ತೆಗೆದು, ಅಷ್ಟೇ ಹೊಸ ಮೀನು ಬಿಟ್ಟು ಹೋಗುತ್ತಾನೆ. ಬಿಲ್ಲಿನಲ್ಲಿ ಅದೂ ಸೇರಿರುತ್ತದೆ. ಊಟ ಮುಗಿಸಿ ಸೋಂಪು ಬಾಯಿಗೆ ಹಾಕಿಕೊಳ್ಳುತ್ತಾ ನೋಡುವ ಗಿರಾಕಿಗೆ ಇವತ್ತಿನ ಕೆಂಪು ಮೀನು ಹೋದ ತಿಂಗಳದ್ದೇ ಎಂದು ಅನ್ನಿಸುತ್ತದೆ. ಮನೆಯಲ್ಲಿ ಹಾಗಾಗುವುದಿಲ್ಲ. ಮಗಳು ಒಂದೊಂದಕ್ಕೂ ಹೆಸರಿಡುತ್ತಾಳೆ.

ಮುಂಬೈಯ ಸೆಕೆಯನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹಿಡಿದುಕೊಳ್ಳಬಲ್ಲದ್ದು ಸುಮಾರು 8.2 ಮಿ.ಗ್ರಾಂ, 30 ಡಿಗ್ರಿಯಲ್ಲಿ 7.5. ಇದೇ ಹೊತ್ತಿಗೆ ಮೀನಿನ ಮೈ ಚುರುಕಾಗಿ ಅದಕ್ಕೆ ಬೇಕಾಗುವ ಆಮ್ಲಜನಕ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್ ಸೆಕೆಯಲ್ಲಿ ನಿಮ್ಮ ಮನೆಯ ಹಾಲ್‌ನಲ್ಲಿರುವ ಟ್ಯಾಂಕಿನ ನೀರು 30 ಡಿಗ್ರಿ ದಾಟುವುದು ಮಾಮೂಲು. ಮೇಲಿನಿಂದ ಫ್ಯಾನ್ ಬೀಸಿದರೆ ನೀರು ಆವಿಯಾಗಿ ಒಂದೆರಡು ಡಿಗ್ರಿ ತಣ್ಣಗಾಗುತ್ತದೆ ಎನ್ನುವುದು ನಿಜ, ಆದರೆ ಮೇಲ್ಮೈ ಕಿರಿದಾದ ಟ್ಯಾಂಕಿನಲ್ಲಿ, ಅದೂ ಈ ಊರಿನ ತೇವದ ಗಾಳಿಯಲ್ಲಿ, ಅದರ ಫಲ ಅಷ್ಟಕ್ಕಷ್ಟೇ. ಆದ್ದರಿಂದ ಆರಿಸುವ ಮೀನು ಸೆಕೆ ತಡೆಯುವಂಥದ್ದಾಗಿರಬೇಕು. ಹೀಟರಿಗೆ ದುಡ್ಡು ಹಾಕಬೇಡಿ. ಪುಣೆಯವರಾಗಿದ್ದರೆ ಡಿಸೆಂಬರ್ ಚಳಿಗೆ ಬೇಕೇ ಬೇಕು ಎನ್ನುತ್ತಿದ್ದೆ.

ಈಗ ಬೇಡದವುಗಳನ್ನು ಬೇಗ ಮುಗಿಸಿಬಿಡೋಣ. ಮಗಳು ನೋಡಿರುವ ಶಾರ್ಕ್ ಬಹುಶಃ ಬೂದು ಬಣ್ಣದ, ಬೆರಳುದ್ದದ, ಗಾಜಿಗೆ ಮೂತಿ ಗುದ್ದುತ್ತಾ ಮೇಲೆ ಕೆಳಗೆ ಓಡುವ ಮರಿ. ಅದು ಶಾರ್ಕೇ ಅಲ್ಲ, ಪಂಗಾಸಿಯಸ್ ಎಂಬ ಬೆಕ್ಕುಮೀನು. ಹೊಳೆಯಲ್ಲಿ ಒಂದು ಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಬೆಳ್ಳಿ ಬಣ್ಣದ ಬಾಲಾ ಶಾರ್ಕ್ ಒಂದು ಅಡಿಗೆ ನಿಲ್ಲುತ್ತದೆ, ಆದರೆ ಗುಂಪಾಗಿ ದೂರ ದೂರ ಈಜುವ ಜಾತಿ. 16 ಇಂಚಿನಲ್ಲಿ ಅದಕ್ಕೆ ತಿರುಗುವುದೇ ಕೆಲಸವಾಗುತ್ತದೆ. ಗೋಲ್ಡ್ ಫಿಶ್ ಕಾರ್ಪ್ ಜಾತಿ, ತಣ್ಣೀರಿನ ಮೀನು, ತಿನ್ನುವುದೂ ಹೆಚ್ಚು, ಗಲೀಜು ಮಾಡುವುದೂ ಹೆಚ್ಚು. ಒಂಬತ್ತು ಗೋಲ್ಡ್ ಫಿಶ್‌ಗೆ ಬೇಕಾಗುವುದು ಟ್ಯಾಂಕ್ ಅಲ್ಲ, ಅಂಗಳದ ಕೊಳ. ಅದರಲ್ಲೂ ಅಂಗಡಿಯಲ್ಲಿ ಚೆಂದ ಕಾಣುವ ಗುಂಡು ಹೊಟ್ಟೆಯ, ಉದ್ದ ಬಾಲದ ಬಗೆಗಳು ಈಜುವುದರಲ್ಲೇ ಮಂದ. ಎರಡೂವರೆ ಅಡಿ ಆಳದಲ್ಲಿ ಮೇಲಕ್ಕೂ ಕೆಳಕ್ಕೂ ಹೋಗಿ ಬರುವಷ್ಟರಲ್ಲೇ ಅವು ದಣಿಯುತ್ತವೆ.

ಉದ್ದಕ್ಕೆ ಓಡುವ ಮೀನು ಯಾವುದೂ ಎತ್ತರದ ಟ್ಯಾಂಕಿಗೆ ಸಲ್ಲ. ನಮ್ಮ ದೇಶದ ಹಳ್ಳಗಳದ್ದೇ ಆದ ಜೀಬ್ರಾ ಡೇನಿಯೋ ಗಟ್ಟಿ ಮೀನು, ಅಗ್ಗದ ಮೀನು, ಹೊಸಬರಿಗೆ ಎಲ್ಲರೂ ಅದನ್ನೇ ಹೇಳುತ್ತಾರೆ. ಅದಕ್ಕೂ ಬೇಕಾದದ್ದು ಓಟದ ಜಾಗ. ಮಿಸ್ ಕೇರಳ ಎಂದು ಮಾರುವ ಕೆಂಪು ಗೆರೆಯ ಡೆನಿಸನ್ ಬಾರ್ಬ್ ನೋಡಿ ನಿಮಗೆ ಆಸೆಯಾಗಬಹುದು. ಕೇರಳದ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳ ಮೀನು ಅದು, ಹರಿಯುವ ತಂಪು ನೀರಲ್ಲಿ ಹುಟ್ಟಿ ಬೆಳೆದದ್ದು. ಹಿಡಿದು ಹಿಡಿದು ಮಾರಿ, ಇವತ್ತು ಅದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ. ಸಾಕಿ ಮರಿ ಮಾಡಿಸಿದ್ದು ಸಿಕ್ಕರೂ ನಾಲ್ಕು ಅಡಿ ಉದ್ದದ ಟ್ಯಾಂಕ್ ಇಲ್ಲದವರು ಅದರ ತಂಟೆಗೆ ಹೋಗಬಾರದು.

ಕೋರಿಡೋರಸ್ ವಿಷಯಕ್ಕೆ ಬಹಳ ಜನ ಎಡವುತ್ತಾರೆ. ತಳದಲ್ಲಿ ಜಲ್ಲಿ ಕೆದಕಿಕೊಂಡಿರುವ ಮೀಸೆಯ ಪುಟ್ಟ ಮೀನು, ಆಳ ಎಷ್ಟಿದ್ದರೇನು ಅಂದುಕೊಳ್ಳುತ್ತಾರೆ. ಆದರೆ ಅದು ಆಗಾಗ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ನುಂಗಿ ಮತ್ತೆ ತಳಕ್ಕೆ ಬೀಳುತ್ತದೆ. ಆ ಗಾಳಿಯನ್ನು ಕರುಳಿನ ಮೂಲಕ ಹೀರಿಕೊಳ್ಳುತ್ತದೆ. ಒಂದು ಅಡಿ ನೀರಿನಲ್ಲಿ ಇದು ಆಟ. ಎರಡೂಕಾಲು ಅಡಿಯಲ್ಲಿ, ಅದೂ ಆಮ್ಲಜನಕ ಕಡಿಮೆಯಾಗಿ ಮೇಲೆ ಮೇಲೆ ಹೋಗಬೇಕಾಗಿ ಬಂದಾಗ, ಸುಸ್ತು. ಉದ್ದ ರೆಕ್ಕೆಯ ಫೈಟರ್ ಮೀನಿಗೂ ಇದೇ ಕಷ್ಟ. ಕೊನೆಗೆ, 'ಟ್ಯಾಂಕ್ ಕ್ಲೀನ್ ಮಾಡುತ್ತೆ' ಅಂತ ಅಂಗಡಿಯವರು ಪುಕ್ಕಟೆಯಾಗಿ ಕೈಗೆ ಹಾಕುವ ಸಕ್ಕರ್ ಮೀನು. ಎರಡು ಇಂಚಿನದ್ದು ಒಂದು ಅಡಿ ದಾಟುತ್ತದೆ, ಅದು ತಿಂದು ಹಾಕುವ ಗಲೀಜು ಅದು ತೆಗೆಯುವ ಪಾಚಿಗಿಂತ ಹೆಚ್ಚು. ಸಾಕಲಾಗದೆ ಜನ ಕೆರೆ ಹೊಳೆಗೆ ಬಿಟ್ಟು ಬಿಟ್ಟು, ಈಗ ದೇಶದ ಎಷ್ಟೋ ಕಡೆ ಬಲೆಗೆ ಊರ ಮೀನಿನ ಬದಲು ಅದೇ ಬೀಳುತ್ತಿದೆ.

ಹಾಗಾದರೆ ಯಾರಿಗೆ ಈ ಟ್ಯಾಂಕ್ ಒಪ್ಪುತ್ತದೆ? ನಾನಾಗಿದ್ದರೆ ಎರಡನೇ ಯೋಚನೆಯಿಲ್ಲದೆ ಏಂಜಲ್ ಫಿಶ್ ಬಿಡುತ್ತಿದ್ದೆ.

ಇದರ ಮೈಯೇ ಎತ್ತರಕ್ಕೆ ಬೆಳೆಯುವುದು. ಬೆಳೆದ ಏಂಜಲ್ ಉದ್ದಕ್ಕೆ 15 ಸೆಂ.ಮೀ. ಇದ್ದರೆ, ಮೇಲಿನ ರೆಕ್ಕೆಯ ತುದಿಯಿಂದ ಕೆಳಗಿನ ರೆಕ್ಕೆಯ ತುದಿಗೆ ಅದಕ್ಕಿಂತ ಹೆಚ್ಚು, 20 ಸೆಂ.ಮೀ. ದಾಟುವುದೂ ಉಂಟು. ಒಂದು ಅಡಿ ನೀರಿನ ಮಾಮೂಲಿ ಟ್ಯಾಂಕಿನಲ್ಲಿ ಕೆಳಗಿನ ರೆಕ್ಕೆ ಜಲ್ಲಿಗೆ ತಾಗುವಂತಿರುತ್ತದೆ. ನಿಮ್ಮದರಲ್ಲಿ ಅದು ಪೂರ್ತಿ ಹರಡಿಕೊಂಡು ನಿಲ್ಲುತ್ತದೆ. ಅಮೆಜಾನ್ ಕೊಳ್ಳದ ನಿಧಾನ ನೀರಿನಲ್ಲಿ, ನೆಟ್ಟಗೆ ಇಳಿದ ಬೇರು, ಜೊಂಡು, ಮುಳುಗಿದ ಕೊಂಬೆಗಳ ನಡುವೆ ಬದುಕುವ ಮೀನು ಇದು. ತೆಳು ಮೈ ಆ ಸಂದುಗಳಲ್ಲಿ ನುಸುಳುವುದಕ್ಕೆ, ಮೈಮೇಲಿನ ಕಪ್ಪು ಪಟ್ಟೆ ಆ ಕಡ್ಡಿಗಳ ನೆರಳಲ್ಲಿ ಮರೆಯಾಗುವುದಕ್ಕೆ. ಓಡುವುದು ಇದರ ಸ್ವಭಾವವಲ್ಲ, ಒಂದು ಕಡೆ ನಿಂತು ನೋಡುತ್ತದೆ. 28, 30 ಡಿಗ್ರಿ ಅದಕ್ಕೆ ತೊಂದರೆಯಲ್ಲ. ಹುಟ್ಟೂರಿನ ನೀರು ಮೆದು, ನಮ್ಮ ನಲ್ಲಿ ನೀರೂ ಮೆದುವೇ.

ಅವು ಮೊಟ್ಟೆಯಿಡುವುದನ್ನು ಒಮ್ಮೆಯಾದರೂ ಮಗಳಿಗೆ ತೋರಿಸಿ. ಜೋಡಿ ಕೂಡಿದ ಮೇಲೆ ಎರಡೂ ಸೇರಿ ಒಂದು ನೆಟ್ಟಗಿನ ಜಾಗ ಹುಡುಕುತ್ತವೆ: ಅಗಲ ಎಲೆ, ಫಿಲ್ಟರಿನ ಕೊಳವೆ, ಒಮ್ಮೊಮ್ಮೆ ಗಾಜೇ. ಒಂದೆರಡು ದಿನ ಅದನ್ನು ಬಾಯಿಂದ ಕಚ್ಚಿ ಕಚ್ಚಿ ಉಜ್ಜುತ್ತವೆ. ಆಮೇಲೆ ಹೆಣ್ಣು ಕೆಳಗಿನಿಂದ ಮೇಲಕ್ಕೆ ಗಾಜಿಗೆ ಹೊಟ್ಟೆ ಒತ್ತಿಕೊಂಡು ಸಾಗುತ್ತಾ ಸಾಲಾಗಿ ಮೊಟ್ಟೆ ಅಂಟಿಸುತ್ತದೆ, ಅದರ ಹಿಂದೆಯೇ ಗಂಡು. ಸಾಸಿವೆಗಿಂತ ಸಣ್ಣ, ಒಳಗೆ ಬೆಳಕು ಕಾಣುವ ಮೊಟ್ಟೆಗಳು. ಮುಂದಿನ ಎರಡು ಮೂರು ದಿನ ಒಂದಾದ ಮೇಲೊಂದು ಪಾಳಿ ಹಾಕಿಕೊಂಡು ಎದೆಯ ಸಣ್ಣ ರೆಕ್ಕೆಗಳಿಂದ ಅವಕ್ಕೆ ನೀರು ಬೀಸುತ್ತಾ ನಿಲ್ಲುತ್ತವೆ. ಬೆಳ್ಳಗಾಗಿ ಕೆಟ್ಟ ಮೊಟ್ಟೆಯನ್ನು ಆರಿಸಿ ತಿಂದುಬಿಡುತ್ತವೆ. ಮೊದಲ ಸಲದ ಜೋಡಿ ಗಾಬರಿಯಾಗಿ ಎಲ್ಲವನ್ನೂ ತಿಂದು ಮುಗಿಸುವುದು ಸಾಮಾನ್ಯ, ಮಗಳು ಅತ್ತರೆ ಮುಂದಿನ ಸಲ ಇದೆ ಎಂದು ಹೇಳಿ.

ಗಂಡು ಹೆಣ್ಣು ಹೊರಗಿನಿಂದ ಗೊತ್ತಾಗುವುದಿಲ್ಲ, ಮೊಟ್ಟೆಯಿಡುವ ಹೊತ್ತಿಗೆ ಹೊಟ್ಟೆಯಡಿ ಕಾಣುವ ಪುಟ್ಟ ಕೊಳವೆಯೊಂದೇ ಗುರುತು. ಹಾಗಾಗಿ ಐದು ರೂಪಾಯಿ ನಾಣ್ಯದಷ್ಟಿರುವ ನಾಲ್ಕು ಮರಿ ತನ್ನಿ, ನಾಲ್ಕನ್ನೂ ಒಂದೇ ದಿನ ಬಿಡಿ. ಹಿಂದೆ ಮುಂದೆ ಬಿಟ್ಟರೆ ಮೊದಲು ಬಂದದ್ದು ಜಾಗ ತನ್ನದೆಂದು ಜಗಳ ತೆಗೆಯುತ್ತದೆ. ಕೆಲವು ತಿಂಗಳಲ್ಲಿ ಎರಡು ಜೊತೆಯಾಗಿ ಉಳಿದೆರಡನ್ನು ಮೂಲೆಗೆ ಅಟ್ಟಲು ಶುರುಮಾಡುತ್ತವೆ. ಆಗ ಆ ಎರಡನ್ನು ಅಂಗಡಿಗೆ ವಾಪಸ್ ಕೊಡಿ. ತರುವಾಗಲೇ ಈ ಮಾತು ಆಡಿಕೊಂಡಿರಿ, ಬೆಳೆದ ಏಂಜಲ್ ಬೇಡ ಎನ್ನುವ ಅಂಗಡಿ ಕಡಿಮೆ. ಉದ್ದ ಸೆರಗಿನ ಬಗೆ ಬೇಡ, ಸಾದಾ ಬೆಳ್ಳಿಪಟ್ಟೆಯದ್ದೋ ಮಾರ್ಬಲ್ ಬಗೆಯದ್ದೋ ಗಟ್ಟಿ. ಜೊತೆಗೆ ಒಂದು ಬ್ರಿಸಲ್‌ನೋಸ್. ಇದು ಸಕ್ಕರ್ ಜಾತಿಯೇ, ಆದರೆ 12 ಸೆಂ.ಮೀ.ಗೆ ಬೆಳವಣಿಗೆ ನಿಲ್ಲುತ್ತದೆ, ಗಂಡಿನ ಮೂತಿಯ ತುಂಬಾ ಕವಲೊಡೆದ ಮೀಸೆ. ನಿಲ್ಲಿಸಿದ ಕೊರಡಿಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆಯುತ್ತಿರುತ್ತದೆ. ವಾರಕ್ಕೆರಡು ಸಲ ಬಿಸಿನೀರಲ್ಲಿ ಅದ್ದಿ ತೆಗೆದ ಸೌತೆಕಾಯಿ ಬಿಲ್ಲೆ ಹಾಕಿ, ಉಳಿದದ್ದನ್ನು ಬೆಳಿಗ್ಗೆ ತೆಗೆಯಿರಿ.

ಅಷ್ಟೇ. ಮೂರು ಮೀನು. ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನು ಸೇರಿಸಲೇ ಎಂದು ಕೇಳುತ್ತೀರಿ. ಬೆಳೆದ ಏಂಜಲ್ ಬಾಯಿಗೆ ನಿಯಾನ್ ಸರಿಯಾಗಿ ಹಿಡಿಯುತ್ತದೆ. ರಾತ್ರಿ ಹತ್ತು ನಿಯಾನ್ ಇದ್ದದ್ದು ಬೆಳಿಗ್ಗೆ ಏಳಾಗಿರುತ್ತದೆ. ಅದಲ್ಲದೆ ನಿಯಾನಿಗೆ ನಮ್ಮ ಬೇಸಿಗೆ ಆಗಿಬರುವುದಿಲ್ಲ.

ಮೂರೇ ಮೀನಿಗೆ ಮನೆಯವರು ಒಪ್ಪದಿದ್ದರೆ ಎರಡನೇ ದಾರಿ, ಅತ್ತೆಯವರ ಲೆಕ್ಕವೂ ಇಲ್ಲೇ ಕೂಡುತ್ತದೆ. ಎಂಟು ಹಾರ್ಲೆಕ್ವಿನ್ ರಾಸ್ಬೋರಾ, ಒಂದು ಕಪ್ಪು ಬ್ರಿಸಲ್‌ನೋಸ್. ಹಾರ್ಲೆಕ್ವಿನ್ ತಾಮ್ರಗೆಂಪು ಮೈಯ, ಹಿಂಬದಿಯಲ್ಲಿ ಕಪ್ಪು ತ್ರಿಕೋನದ ಗುರುತಿರುವ ಸಣ್ಣ ಮೀನು, ಬೆಳೆದರೆ 4ರಿಂದ 4.5 ಸೆಂ.ಮೀ. ಒಟ್ಟಾಗಿ ನಡುನೀರಿನಲ್ಲಿ ಸುಳಿದಾಡುತ್ತದೆ, ಡೇನಿಯೋ ಹಾಗೆ ಗೋಡೆಯಿಂದ ಗೋಡೆಗೆ ಓಡುವುದಿಲ್ಲ. ಎಂಟು ಕೆಂಪು, ಒಂದು ಕಪ್ಪು ಆಯಿತಲ್ಲ. ಗೋಲ್ಡ್ ಫಿಶ್ಶೇ ಆಗಬೇಕೆಂದು ಅತ್ತೆಯವರು ಹಟ ಹಿಡಿದರೆ ನನ್ನ ಮೇಲೆ ಹಾಕಿಬಿಡಿ. ಒಂಬತ್ತಕ್ಕೇ ನಿಲ್ಲಬೇಕೆಂದಿಲ್ಲದಿದ್ದರೆ ಮೇಲಿನ ಪದರಕ್ಕೆ 'ಹನಿ ಗೌರಾಮಿ' (ಹನಿ ಅಂದರೆ ಇಂಗ್ಲಿಷಿನ ಜೇನು) ಎಂಬ ಮೀನು ಮೂರು ಸೇರಿಸಬಹುದು, ಒಂದು ಗಂಡು, ಎರಡು ಹೆಣ್ಣು. ಗಂಗಾ, ಬ್ರಹ್ಮಪುತ್ರಾ ಬಯಲಿನ ಸಾಧು ಮೀನು, 5 ಸೆಂ.ಮೀ. ಇದೂ ಮೇಲಿನ ಗಾಳಿ ಕುಡಿಯುವ ಜಾತಿಯೇ, ಆದರೆ ವಾಸವೇ ಮೇಲ್ಭಾಗದಲ್ಲಿ ಆದ್ದರಿಂದ ಆಳ ಇದಕ್ಕೆ ಲೆಕ್ಕಕ್ಕಿಲ್ಲ. ಅಂಗಡಿಯವರು ಇದರ ಬದಲು ನೀಲಿ ಕೆಂಪು ಪಟ್ಟೆಯ ಡ್ವಾರ್ಫ್ ಗೌರಾಮಿ ಕೊಡಲು ನೋಡುತ್ತಾರೆ. ಹೊಳಪು ಹೆಚ್ಚು ನಿಜ, ಆದರೆ ಆ ಜಾತಿಯಲ್ಲಿ ಔಷಧಿಯಿಲ್ಲದ ಒಂದು ವೈರಸ್ ರೋಗ ಹಬ್ಬಿದೆ. ಬೇಡ ಅನ್ನಿ.

ಗಪ್ಪಿ, ಮೋಲಿ, ಪ್ಲಾಟಿ? ಮೂರಕ್ಕೂ ಗಡಸು ನೀರೇ ಹಿತ. ಮುಂಬೈಗೆ ಬರುವುದು ಭಾತ್ಸಾ, ವೈತರಣಾ, ತಾನ್ಸಾ ಮುಂತಾದ ಜಲಾಶಯಗಳಲ್ಲಿ ನಿಂತ ಮಳೆನೀರು, ಅದರಲ್ಲಿ ಸುಣ್ಣದ ಅಂಶ ಕಡಿಮೆ. ನಿಮ್ಮ ಬಿಲ್ಡಿಂಗಿಗೆ ಟ್ಯಾಂಕರ್ ನೀರು, ಅಂದರೆ ಬೋರ್‌ವೆಲ್ ನೀರು, ಸೇರುತ್ತಿದ್ದರೆ ಮಾತೇ ಬೇರೆ. ಸೊಸೈಟಿಯ ವಾಚ್‌ಮನ್‌ನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ. ಗೀಸರ್ ತುದಿಯಲ್ಲಿ, ಬಕೆಟಿನ ಅಂಚಿನಲ್ಲಿ ಬಿಳಿ ಕರೆ ಕಟ್ಟುತ್ತಿದ್ದರೆ ನೀರು ಗಡಸು ಎಂದೇ ಅರ್ಥ. ಆಗ ಆರು ಗಂಡು ಗಪ್ಪಿ ಬಿಟ್ಟು ಸುಖವಾಗಿರಿ. ಹೆಣ್ಣು ಒಂದನ್ನೂ ತರಬೇಡಿ, ಮೂರು ತಿಂಗಳಲ್ಲಿ ಮರಿ ಹಂಚಲು ನೆರೆಹೊರೆಯವರು ಸಾಲುವುದಿಲ್ಲ.

ಇನ್ನು ಟ್ಯಾಂಕ್ ಸಿದ್ಧ ಮಾಡುವುದು. ಹಳೆಯ ಟ್ಯಾಂಕ್ ಆದ್ದರಿಂದ ಮೊದಲು ಬಾತ್‌ರೂಮಿನಲ್ಲಿ ನಿಲ್ಲಿಸಿ ಪೂರ್ತಿ ನೀರು ತುಂಬಿ ಎರಡು ದಿನ ಬಿಡಿ. ಆರು ಮೂಲೆಯ ಟ್ಯಾಂಕಿನಲ್ಲಿ ಅಂಟಿಸಿದ ಸಂದು ಹೆಚ್ಚು, ತಳದ ಒತ್ತಡ ನೀರಿನ ಎತ್ತರದಿಂದ ಬರುವುದರಿಂದ ಸೋರುವುದಿದ್ದರೆ ಕೆಳಗಿನ ಒಂದು ಗೇಣಿನಲ್ಲೇ ಸೋರುತ್ತದೆ. ಒಣ ಟಿಶ್ಯೂ ಹಿಡಿದು ಒಂದೊಂದು ಸಂದನ್ನೂ ಒತ್ತಿ ನೋಡಿ. ಬಿಳಿ ಕರೆಗೆ ವಿನೆಗರ್ ಸಾಕು, ಸೋಪು, ವಿಮ್ ತಾಗಿಸಬೇಡಿ. ನೀರು, ಗಾಜು, ಜಲ್ಲಿ, ಸ್ಟ್ಯಾಂಡ್ ಸೇರಿ 140 ಕೆಜಿ ಆಸುಪಾಸು ಆಗುತ್ತದೆ. ಒಳಗಿನ ಗೋಡೆಗೆ ಒತ್ತಿ ಇಟ್ಟರೆ ಮನೆಯ ನೆಲಕ್ಕೆ ಇದು ಹೆಚ್ಚಲ್ಲ, ಆದರೆ ಗ್ರಿಲ್ ಹಾಕಿ ಹೊರಗೆ ಚಾಚಿಕೊಂಡ ಕಿಟಕಿಯ ಗೂಡಿನಲ್ಲಾಗಲಿ, ಮುಚ್ಚಿದ ಬಾಲ್ಕನಿಯ ಅಂಚಿನಲ್ಲಾಗಲಿ ಇಡಬೇಡಿ. ಎತ್ತರ ಹೆಚ್ಚು, ಬುಡ ಕಿರಿದು, ಮಕ್ಕಳು ಓಡುವಾಗ ಭುಜ ತಾಗಿದರೆ ಅಲುಗುತ್ತದೆ. ಸ್ಟ್ಯಾಂಡನ್ನು ಗೋಡೆಗೆ ಕ್ಲ್ಯಾಂಪ್ ಮಾಡಿಸಿ, ಟ್ಯಾಂಕಿನ ಕೆಳಗೆ ಥರ್ಮೊಕೋಲ್ ಹಾಳೆ ಹಾಸಿ.

ಫಿಲ್ಟರಿಗೆ ಹೆಚ್ಚು ಖರ್ಚು ಬೇಡ, ಒಳ್ಳೆಯ ಸ್ಪಂಜ್ ಫಿಲ್ಟರ್ ತಳದಲ್ಲಿ ಕೂರಿಸಿ. ಗುಳ್ಳೆಗಳು ಏರುವಾಗ ತಳದ ನೀರನ್ನು ಜೊತೆಗೆ ಮೇಲಕ್ಕೆ ಎಳೆದು ತರುತ್ತವೆ. ಎತ್ತರದ ಟ್ಯಾಂಕಿನಲ್ಲಿ ಬೇಕಾದದ್ದೇ ಅದು, ಇಲ್ಲದಿದ್ದರೆ ಅಡಿಯ ನೀರು ಅಡಿಯಲ್ಲೇ ಹಳಸಿಕೊಂಡಿರುತ್ತದೆ. ಗುಳ್ಳೆಯಿಂದ ನೇರವಾಗಿ ಕರಗುವ ಗಾಳಿ ಸ್ವಲ್ಪವೇ, ಮೇಲ್ಮೈ ಕದಡುವುದರಿಂದಲೇ ಹೆಚ್ಚು ಲಾಭ. ಅಗ್ಗದ ಸಣ್ಣ ಪಂಪಿಗೆ ಎರಡೂವರೆ ಅಡಿ ಆಳಕ್ಕೆ ಗಾಳಿ ತಳ್ಳುವ ಕಸುವಿರುವುದಿಲ್ಲ, ಅಂಗಡಿಯಲ್ಲೇ ಆಳದ ಬಕೆಟಿನಲ್ಲಿ ಓಡಿಸಿ ತೋರಿಸಲು ಹೇಳಿ. ಪಂಪು ನೀರಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲವೇ ಕೊಳವೆಗೆ ನಾನ್-ರಿಟರ್ನ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದ ದಿನ ನೀರು ಕೊಳವೆಯಲ್ಲಿ ಹಿಂದಕ್ಕಿಳಿದು ಪ್ಲಗ್ ಪಾಯಿಂಟಿಗೆ ಹರಿಯುತ್ತದೆ. ಗಿಡಗಳಲ್ಲಿ ಜಾವಾ ಫರ್ನ್, ಅನುಬಿಯಾಸ್ ಎರಡೇ ಸಾಕು, ಎರಡನ್ನೂ ಕೊರಡಿಗೆ ದಾರದಲ್ಲಿ ಕಟ್ಟಿ, ಬುಡ ಜಲ್ಲಿಯಲ್ಲಿ ಹೂಳಬೇಡಿ. ಮಾಮೂಲಿ ಲೈಟಿನ ಬೆಳಕು ತಳಕ್ಕೆ ಮುಟ್ಟುವಷ್ಟರಲ್ಲಿ ಸೋತಿರುತ್ತದೆ, ಬೆಳಕು ಹೆಚ್ಚು ಬೇಡುವ ಕೆಂಪು ಗಿಡಗಳು ಕೊಳೆಯುತ್ತವೆ. ನಿಮ್ಮ ಕೈ ತಳ ಮುಟ್ಟುವುದಿಲ್ಲವಾದ್ದರಿಂದ ಉದ್ದ ಚಿಮಟ ಒಂದು ಕೊಂಡಿಟ್ಟುಕೊಳ್ಳಿ.

ಚೌತಿಯ ವಿಷಯ. ಮೀನಿನ ಗಲೀಜಿನಿಂದ ಬರುವ ಅಮೋನಿಯಾ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಇದು ಅಷ್ಟು ಕೆಡುಕಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಬೇರೂರಲು 4ರಿಂದ 6 ವಾರ ಬೇಕು. ಈಗಲೇ ನೀರು ತುಂಬಿ, ಪಂಪು ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಖಾಲಿ ಟ್ಯಾಂಕಿಗೆ ಹಾಕುತ್ತಾ ಬನ್ನಿ, ಅದು ಕೊಳೆತು ಅಮೋನಿಯಾ ಹುಟ್ಟುತ್ತದೆ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು ಕೆಲವು ದಿನ ಹಾಗೇ ನಿಂತ ಮೇಲೆ ಮೀನು. ಪರಿಚಯದವರ ಆರೋಗ್ಯದ ಟ್ಯಾಂಕಿನಿಂದ ಬಳಸಿದ ಸ್ಪಂಜಿನ ತುಂಡು ಸಿಕ್ಕರೆ ಕಾಯುವ ಅವಧಿ ಅರ್ಧಕ್ಕಿಳಿಯುತ್ತದೆ. ಚೌತಿಯ ಹೊತ್ತಿಗೆ ನಾಲ್ಕು ಹಾರ್ಲೆಕ್ವಿನ್ ಓಡಾಡುತ್ತಿದ್ದರೆ ಅದೇ ದೊಡ್ಡದು. ಏಂಜಲ್ ಮರಿಗಳಾದರೆ ಹಬ್ಬ ಕಳೆದ ಮೇಲೆಯೇ ತನ್ನಿ. ಬೀದಿಯಲ್ಲಿ ಢೋಲ್-ತಾಶಾ ಬಡಿಯುವಾಗ ಗಾಜು ನಡುಗುತ್ತದೆ, ಹೊಸದಾಗಿ ಬಂದ ಮೀನಿಗೆ ಅದು ಬೇಡದ ಗಾಬರಿ.

ಮೀನು ತರಲು ಕ್ರಾಫರ್ಡ್ ಮಾರ್ಕೆಟ್ಟಿಗಿಂತ ನಿಮಗೆ ಕುರ್ಲಾ ಹತ್ತಿರ. ರೆಕ್ಕೆ ಮಡಚಿಕೊಂಡು ಮೂಲೆ ಹಿಡಿದ ಮೀನಿರುವ, ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆಯಿರುವ ಟ್ಯಾಂಕಿನಿಂದ ಒಂದನ್ನೂ ಮುಟ್ಟಬೇಡಿ. ಮಧ್ಯಾಹ್ನದ ಖಾಲಿ ಲೋಕಲ್ ಹಿಡಿಯಿರಿ, ಸಂಜೆಯ ನೂಕಿನಲ್ಲಿ ಪ್ಲಾಸ್ಟಿಕ್ ಚೀಲ ಕೈಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದ ಮೇಲೆ ಚೀಲವನ್ನು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪವಾಗಿ ನಿಮ್ಮ ನೀರು ಸೇರಿಸಿ, ಕೊನೆಗೆ ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ. ಅಂಗಡಿಯ ನೀರು ಟ್ಯಾಂಕಿಗೆ ಬೀಳಬಾರದು.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು, ನಿಮ್ಮ ಲೆಕ್ಕಕ್ಕೆ ಸುಮಾರು 22 ಲೀಟರ್. ಬೆಳಿಗ್ಗೆ ನೀರು ಬಿಟ್ಟಾಗ ಬಕೆಟುಗಳಲ್ಲಿ ಹಿಡಿದಿಟ್ಟು ಆಂಟಿ-ಕ್ಲೋರಿನ್ ಹನಿ ಹಾಕಿ. ಮಳೆಗಾಲದಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಕ್ಲೋರಿನ್ ಮೂಗಿಗೆ ಹೊಡೆದರೆ ಒಂದು ದಿನ ಗಾಳಿ ಹಾಯಿಸಿ ಆಮೇಲೆ ಹಾಕಿ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಆರು ವಾರ ಬೆಳೆಸಿದ ಬ್ಯಾಕ್ಟೀರಿಯಾ ಆರು ನಿಮಿಷದಲ್ಲಿ ಸಾಯುತ್ತದೆ. ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಹಿಂಡಿ. ಬೆಳಿಗ್ಗೆ ಎದ್ದಾಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಹಸಿವಲ್ಲ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುವುದರಿಂದ ನಸುಕಿನ ಹೊತ್ತಿಗೆ ಅದು ತೀರಾ ಕಡಿಮೆಯಾಗಿರುತ್ತದೆ. ಪಂಪು ನೋಡಿ, ಮೀನಿನ ಸಂಖ್ಯೆ ನೋಡಿ.

ಮೇ ತಿಂಗಳಲ್ಲಿ ನೀವೆಲ್ಲ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುವವರಾದರೆ ಹೋಗುವ ಮೊದಲೊಂದು ಕೆಲಸ. ಬೆಳೆದ ಮೀನು ವಾರ ಉಪವಾಸ ಇದ್ದರೂ ಏನೂ ಆಗುವುದಿಲ್ಲ, ಪಕ್ಕದ ಮನೆಯವರು ಕನಿಕರದಿಂದ ಹಿಡಿ ಹಿಡಿ ಹಾಕಿದರೆ ಮಾತ್ರ ಆಗುತ್ತದೆ. ಹದಿನೈದು ದಿನಕ್ಕೆ ಐದು ಸಣ್ಣ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದು ಕೊಡಿ, ಆಹಾರದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಲೈಟಿಗೆ ಟೈಮರ್ ಇರಲಿ. ಪಂಪಿನ ಸ್ವಿಚ್ಚಿನ ಮೇಲೆ ಒಂದು ಟೇಪ್ ಅಂಟಿಸಿ ಹೋಗಿ. ಮನೆ ಬಿಡುವಾಗ ಎಲ್ಲ ಸ್ವಿಚ್ ಆರಿಸುವ ಅಭ್ಯಾಸ ನಿಮ್ಮ ಮನೆಯವರಿಗೂ ಇದ್ದೇ ಇರುತ್ತದೆ.